ನಿವ್ವಳ

ಕಬ್ಬಿನ ಗಾಡಿಗಳ ಸಾಲು ಕರಗಿದ ಮೇಲೆ
ರಾತ್ರಿ ಹನ್ನೊಂದರ ಹೊತ್ತಿಗೆ
ಗೇಟಿನವನ ಕೈಗೆ ಒಂದು ಕಟ್ಟು ಬೀಡಿ ಇಟ್ಟು
ಚೌರಪ್ಪ ಅದನ್ನು ತಳ್ಳಿಕೊಂಡು ಬಂದ.
ವೇಬ್ರಿಡ್ಜಿನ ನಡುಮಧ್ಯೆ ನಿಲ್ಲಿಸಿ
"ಚಿಕ್ತಾಯಮ್ಮ, ಒಂದ್ಸಲ ತೂಗು" ಅಂದ.

ಜಾವಾ ಎಂಜಿನ್ನು.
ಯಾದವಗಿರಿಯ ಕಾರ್ಖಾನೆಗೆ ಬೀಗ ಬಿದ್ದ ವರ್ಷ
ಅವನು ಮಂಡ್ಯಕ್ಕೆ ತಂದದ್ದು ಒಂದು ಟಿಫಿನ್ ಕ್ಯಾರಿಯರ್ರು,
ಉಗುರಿನ ಸಂದಿಯಿಂದ ಹೋಗದ ಗ್ರೀಸು.
ಉಳಿದದ್ದೆಲ್ಲ ಗುಜರಿ. ಚೌಕಟ್ಟಿಗೆ ಬೋರ್‌ವೆಲ್ಲಿನ ಪೈಪು,
ಮೂರನೇ ಚಕ್ರ ಯಾರದೋ ಲ್ಯಾಂಬ್ರೆಟ್ಟಾದ್ದು.
ಪಕ್ಕದ್ದನ್ನು ತೊಟ್ಟಿಲು ಅನ್ನುತ್ತಿದ್ದೆವು;
ತೊಟ್ಟಿಲೆಲ್ಲಿ ಬಂತು, ಗೋಡೆಯಿಲ್ಲ, ಸೀಟಿಲ್ಲ,
ಬರೀ ಒಂದು ತಗಡಿನ ಮಣೆ, ಎರಡು ಹಿಡಿ.
ತಗಡು ಬಡಿದುಕೊಟ್ಟವನು ಪೇಟೆ ಬೀದಿಯ ಪಾತ್ರೆ ಪೀರಾನ್ ಸಾಬ್,
ಮದುವೆಮನೆ ಕೊಪ್ಪರಿಗೆ ಬಡಿಯುವ ಕೈ.
ಹತ್ತಿರ ಬಗ್ಗಿದರೆ ಸುತ್ತಿಗೆಯ ಸಣ್ಣ ಸಣ್ಣ ಬಿಲ್ಲೆ,
ಅಕ್ಕಿ ಹಾಕಿದರೆ ಬೆಂದೇಬಿಡುತ್ತೆ ಅನ್ನಿಸುವ ಹಾಗೆ.

ಮುಳ್ಳು ನೂರ ಎಂಬತ್ತಕ್ಕೆ ನಿಂತಿತು.
"ಈಗ ನೀನು ಹತ್ತು."
ಇನ್ನೂರ ಮೂವತ್ತು.
"ಇಷ್ಟೇ ಬೇಕಿತ್ತು ಕಣವ್ವ" ಅಂದ.
"ಆದ್ರೆ ಕೂತಿರೋ ಐವತ್ತಲ್ಲ,
ಓಡಾಡೋ ಐವತ್ತು."

ಅಭ್ಯಾಸಬಲ, ಚೀಟಿ ಬರೆದೆ.
ತುಂಬಿದ ಗಾಡಿ, ಬರಿಗಾಡಿ, ನಿವ್ವಳ.
ಕಬ್ಬಿನ ತಳಿ ಅನ್ನುವ ಕಡೆ ಗೆರೆ ಎಳೆದೆ.
ರೈತನ ಹೆಸರು ಅನ್ನುವ ಕಡೆ
ಪೆನ್ನು ಸ್ವಲ್ಪ ಹೊತ್ತು ನಿಂತಿತು.

ಭಾನುವಾರಗಳು ಮಂಡಕಳ್ಳಿಯ ಹಳೇ ರನ್‌ವೇಯಲ್ಲಿ.
ಆಗ ಅಲ್ಲಿ ವಿಮಾನ ಎಲ್ಲಿತ್ತು,
ಒಂದು ತುದಿಗೆ ದನ, ಇನ್ನೊಂದು ತುದಿಗೆ ಹುರುಳಿ ಒಕ್ಕಣೆ,
ನಡುವೆ ನಮ್ಮ ಹೊಗೆ.
ಎಡಕ್ಕೆ ತಿರುಗಿದರೆ ಮೂರನೇ ಚಕ್ರ ನೆಲ ಬಿಡುತ್ತದೆ.
ಬಿಡದ ಹಾಗೆ, ಜಡೆಯನ್ನು ಅಂಗಿಯೊಳಕ್ಕೆ ತುರುಕಿ,
ನಾನು ಸೊಂಟದವರೆಗೂ ಹೊರಗೆ.
ಬಲಕ್ಕಾದರೆ ಉರುಳಿ ಅವನ ಬೆನ್ನ ಹಿಂದೆ,
ಹಿಂಚಕ್ರದ ಮೇಲೆ ಹೊಟ್ಟೆಯೂರಿ.
ಯಾವಾಗ ಅಂತ ಅವನು ಹೇಳುವುದಿಲ್ಲ, ಹೇಳಿದರೂ ಕೇಳಿಸುವುದಿಲ್ಲ.
ಹ್ಯಾಂಡಲ್ಲಿಗಿಂತ ಮೊದಲು ಅಂಗಿ ತಿರುಗುತ್ತದೆ:
ಎಡಗೈಯ ಕಂಕುಳ ಕೆಳಗೆ ಸುಕ್ಕು ಬಿದ್ದರೆ ಎಡ.
ನಾಲ್ಕು ತಿಂಗಳು ನಾನು ಓದಿದ್ದು ಆ ಖಾಕಿ ಬಟ್ಟೆ ಒಂದೇ.

ಅವ್ವ ಕೇಳಿದ್ದು ಇಷ್ಟು:
"ಅಷ್ಟು ಆಚೆಗೆ ನೇತಾಡೋಳು
ಒಳೀಕೆ ಯಾಕೆ ಹತ್ತಬೇಕು?"

ಪಂದ್ಯದ ದಿನ ಮೂರು ಚಕ್ರದವರು ನಾವೊಬ್ಬರೇ.
ಕೊಯಮತ್ತೂರಿನವರು ಬರಲಿಲ್ಲ.
ಬಿಳೀ ಟೋಪಿಯವರು ಬಂದು,
ಒಂದೇ ಗಾಡಿಗೆ ಫಸ್ಟ್ ಯಾವುದು ಲಾಸ್ಟ್ ಯಾವುದು,
ಊಟದ ಬಿಡುವಲ್ಲಿ ಎರಡು ಸುತ್ತು ಹೊಡೀರಿ, ಜನ ನೋಡ್ಲಿ, ಅಂದರು.
ಚೌರಪ್ಪ ಏನೂ ಅನ್ನಲಿಲ್ಲ. ಪ್ಲಗ್ಗು ಬಿಚ್ಚಿ ಒರೆಸಿ ಹಾಕಿದ.

ಎರಡನೇ ಸುತ್ತು, ನೀರಿನ ಟ್ಯಾಂಕಿನ ಹತ್ತಿರದ ಎಡ.
ಅವನು ಗೇರ್ ಇಳಿಸಲಿಲ್ಲ.
ಸುಕ್ಕು ಬಿತ್ತು. ನಾನು ಹೊರಗಿದ್ದೆ.
ಕಿವಿಯಿಂದ ಒಂದು ಗೇಣು ಕೆಳಗೆ ಡಾಂಬರು
ನಾಲೆಗೆ ನೀರು ಬಿಟ್ಟ ದಿನದ ಹಾಗೆ ಹರಿಯುತ್ತಿತ್ತು.
ಪುಳಿಯೋಗರೆ ತಿನ್ನುತ್ತಿದ್ದ ಒಬ್ಬ ಹುಡುಗನ ತುತ್ತು
ಬಾಯಿಗೂ ಹೋಗದೆ ಎಲೆಗೂ ಇಳಿಯದೆ
ನಿಂತದ್ದನ್ನು ತಲೆಕೆಳಗಾಗಿ ಕಂಡೆ.

ಚೌರಪ್ಪ ತೀರಿಕೊಂಡು ಏಳು ವರ್ಷ.
ಎಂಜಿನ್ನು ಮೈಸೂರಿನ ಯಾರೋ ಕೊಂಡರು, ಒಳ್ಳೆಯ ಬೆಲೆಗೇ.
ತಗಡು ಮಾತ್ರ ಅವನ ಹೆಂಡತಿ ಇಟ್ಟುಕೊಂಡಳು,
ನೀರಿನ ತೊಟ್ಟಿಯ ಮುಚ್ಚಳಕ್ಕೆ ಸರಿಯಾಗಿತ್ತು.
ಪೀರಾನ್ ಸಾಬರ ಬಿಲ್ಲೆಗಳ ನಡುವೆ ಎರಡು ದೊಡ್ಡ ಗುಳಿ.
ನನ್ನ ಮಂಡಿಗಳವು.
ಎಡದ್ದು ಹೆಚ್ಚು ಆಳ. ಮಳೆ ಬಂದ ಮಾರನೆಗೆ
ಅದರಲ್ಲಿ ಒಂದು ಲೋಟ ನೀರು ನಿಂತಿರುತ್ತದೆ.

ಮೊನ್ನೆ ಪೆನ್ಷನ್ ಆಫೀಸಿಗೆ ಹೊರಟ ಬಸ್ಸಿನಲ್ಲಿ
ಕಿಟಕಿ ಸೀಟು.
ಬಸ್ಸು ಎಡಕ್ಕೆ ಹೊರಳಿತು.
"ಯಾಕಮ್ಮ, ಬೀಳ್ತೀಯಾ? ನೆಟ್ಟಗೆ ಕೂತ್ಕೊ" ಅಂದ ಕಂಡಕ್ಟರ್.
ಬೀಳುತ್ತಿರಲಿಲ್ಲ.
ಈಗ ನಾನು ಅರವತ್ತೆರಡು.
ಬಸ್ಸಿಗೆ ಅದು ಲೆಕ್ಕಕ್ಕೇ ಇಲ್ಲ.